ಸಾಹೇಬರ ಪಾಲಿನ ಮಜ್ಜಿಗೆ

ಲಿಂಗಸುಗೂರಿನ ಮುನ್ಸಿಫ್ ಕೋರ್ಟಿನಲ್ಲಿ ನನಗೆ ಕುರ್ಚಿ ಇರಲಿಲ್ಲ. ಮುನ್ಸಿಫರಿಗೆ ಇತ್ತು, ವಕೀಲರಿಗೆ ಇತ್ತು, ಗೋಡೆಗೆ ಒರಗಿ ಬರೆಯುವ ಗುಮಾಸ್ತನಿಗೂ ಒಂದು ಸ್ಟೂಲು ಇತ್ತು. ಸಾಕ್ಷಿಯ ಕಟಕಟೆಗೂ ಮುನ್ಸಿಫರ ಮೇಜಿಗೂ ನಡುವೆ ಇದ್ದ ಒಂದು ಹಾಸುಗಲ್ಲು ಮಾತ್ರ ನನ್ನದು. ಅದರ ಮೇಲೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವುದು ನನ್ನ ನೌಕರಿ. ತರ್ಜುಮಾನ್ ಅಂತ ಕರೆಯುತ್ತಿದ್ದರು.

ಈಗ ಕೋರ್ಟಿನ ಕೆಲಸಕ್ಕೆ ಸೇರುವ ಹುಡುಗರಿಗೆ ಇದು ವಿಚಿತ್ರ ಅನ್ನಿಸಬಹುದು. ನಿಜಾಮರ ಆಳ್ವಿಕೆ ಮುಗಿದು, ಪೋಲೀಸ್ ಕಾರ್ಯಾಚರಣೆ ಆಗಿ, ಊರಲ್ಲಿ ಬಾವುಟ ಬದಲಾಗಿತ್ತು. ಆದರೆ ಕೋರ್ಟಿನ ಬಾಯಿ ಬದಲಾಗಿರಲಿಲ್ಲ. ವಾದ ಉರ್ದುವಿನಲ್ಲಿ, ತೀರ್ಪು ಉರ್ದುವಿನಲ್ಲಿ. ಹೊಲ ಕಳೆದುಕೊಳ್ಳುವವರು ಮಾತ್ರ ಕನ್ನಡದವರು, ನಡುನಡುವೆ ತೆಲುಗಿನವರು. ತನ್ನ ಮನೆಯ ಮಾತು ಮೇಜಿನ ಆಚೆ ಏನಾಗಿ ತಲುಪಿತು ಅನ್ನುವುದು ಗೊತ್ತಾಗದೆ ಎಷ್ಟೋ ಜನ ಕಟಕಟೆ ಇಳಿದು ಹೋಗುತ್ತಿದ್ದರು.

ನಾನು ಕನ್ನಡ ಕಲಿತದ್ದು ಮಸ್ಕಿಯಲ್ಲಿ, ಅಜ್ಜಿಯ ಒಲೆಯ ಮುಂದೆ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಸೊಸೆಯನ್ನು ಬೈಯುವುದಕ್ಕೆ ಒಂದು ಮಾತು, ಎತ್ತನ್ನು ಬೈಯುವುದಕ್ಕೆ ಬೇರೆ ಮಾತು, ದೇವರನ್ನು ಬೈಯುವುದಕ್ಕೆ ಇನ್ನೂ ಬೇರೆ ಮಾತು ಇಟ್ಟುಕೊಂಡಿದ್ದಳು. ಉರ್ದು ಕಲಿತದ್ದು ಸರಕಾರಿ ಶಾಲೆಯಲ್ಲಿ, ಮತ್ತು ಅಪ್ಪನ ಗೆಳೆಯರಾದ ಒಬ್ಬ ಅತ್ತರು ವ್ಯಾಪಾರಿಯ ಜಗುಲಿಯ ಮೇಲೆ. ಈ ಎರಡು ಆಸ್ತಿ ಹಿಡಿದುಕೊಂಡು ಕೆಲಸಕ್ಕೆ ಸೇರಿದೆ.

ಮೊದಲು ನನಗೆ ಕೆಲಸ ಕಲಿಸಿದವರು ಕೋರ್ಟಿನ ಹಿರಿಯ ಗುಮಾಸ್ತ ಗುಂಡೇರಾಯರು. ಕೋಟಿನ ಗುಂಡಿ ಬೇಸಿಗೆಯಲ್ಲೂ ಬಿಚ್ಚಿದವರಲ್ಲ. ಮೊದಲ ದಿನವೇ ಪಕ್ಕಕ್ಕೆ ಕರೆದು ಹೇಳಿದರು:

“ತಮ್ಮಾ, ಯಾರ ಮಾತಿನ್ಯಾಗೂ ಕಾಲಿಡಬ್ಯಾಡ. ‘ಹಿಂಗಂತಾಳ್ರೀ, ಹಂಗಂತಾನ್ರೀ’ ಅಂತ ದೂರ ನಿಂತು ಹೇಳು. ನಾಳಿಗೆ ತಪ್ಪಾದ್ರ ಅಂದಾಕಿ ಆಕಿ, ನೀ ಅಲ್ಲ.”

ಬುದ್ಧಿವಂತರ ಮಾತು ಅದು. ಹಾಗೇ ಮಾಡಿದೆ. ಹಬೀಬ್ ಸಾಹೇಬರು ಹೊಸ ಮುನ್ಸಿಫರಾಗಿ ಬರುವವರೆಗೆ.

ಅವರು ಔರಂಗಾಬಾದಿನ ಕಡೆಯವರು. ಎತ್ತರದ ಆಳು, ಸ್ವಲ್ಪ ಬಗ್ಗಿದ ಹೆಗಲು. ಅವರ ಮನೆಮಂದಿಯಲ್ಲಿ ಹೆಚ್ಚಿನವರು ಗಡಿ ದಾಟಿ ಹೋಗಿದ್ದರು ಅಂತ ಗುಂಡೇರಾಯರು ಹೇಳುತ್ತಿದ್ದರು. ಸಾಹೇಬರು ತಾವಾಗಿ ಎಂದೂ ಹೇಳಲಿಲ್ಲ. ಬಂದ ವಾರದಲ್ಲೇ ಒಬ್ಬ ಹೆಂಗಸಿನ ಸಾಕ್ಷ್ಯದ ನಡುವೆ ಪೆನ್ನು ಇಟ್ಟು ನನ್ನನ್ನು ನೋಡಿದರು.

“‘ಅವಳು ಹೇಳುತ್ತಾಳೆ’ ಅಂತ ಯಾಕೆ ಸೇರಿಸುತ್ತೀ? ಅವಳು ಹೇಳುತ್ತಿರುವುದು ನನಗೆ ಕಾಣುತ್ತಿದೆ. ಅವಳು ‘ನಾನು’ ಅಂದರೆ ನೀನೂ ‘ನಾನು’ ಅನ್ನು. ನಾನು ‘ನೀನು’ ಅಂದರೆ ಅವಳಿಗೆ ನೀನೂ ‘ನೀನು’ ಅನ್ನು. ನಮ್ಮಿಬ್ಬರ ನಡುವೆ ಮೂರನೆಯವರು ಬೇಡ.”

ಅಂದಿನಿಂದ ನಾನು ಮೂರನೆಯವನಾಗಿ ಉಳಿಯಲಿಲ್ಲ. ಬೆಳಿಗ್ಗೆ ಎತ್ತು ಕದ್ದವನಾಗಿ, ಎತ್ತು ಕಳಕೊಂಡವನಾಗಿ, ಮಧ್ಯಾಹ್ನ ಗಂಡ ಬಿಟ್ಟವಳಾಗಿ, ಬಿಟ್ಟ ಗಂಡನಾಗಿ, ನಡುವೆ ಮುನ್ಸಿಫನೂ ಆಗಿ ಸಂಜೆ ಬಾಡಿಗೆ ಕೋಣೆಗೆ ಬರುತ್ತಿದ್ದೆ. ಕದ ತೆರೆದು ದೀಪ ಹಚ್ಚಿದಾಗ ಆಡುವುದಕ್ಕೆ ನನ್ನದೊಂದು ಮಾತು ಹುಡುಕಿದರೆ ಸಿಗುತ್ತಿರಲಿಲ್ಲ.

ಈ ಪದ್ಧತಿಯಿಂದ ನನ್ನ ಒಂದು ಮದುವೆ ತಪ್ಪಿತು. ಸಿಂಧನೂರಿನಿಂದ ಹೆಣ್ಣಿನ ಸೋದರಮಾವ ವರ ನೋಡಲು ಬಂದಿದ್ದರು. ಅರಳೆ ವ್ಯಾಪಾರದವರು, ಉರ್ದು ಚೆನ್ನಾಗಿ ಬರುತ್ತಿತ್ತು. ಹುಡುಗ ಹೇಗೆ ಕೆಲಸ ಮಾಡುತ್ತಾನೆ ನೋಡಿಯೇ ಬಿಡೋಣ ಅಂತ ಹೇಳದೆ ಕೇಳದೆ ಕೋರ್ಟಿನ ಬಾಗಿಲಲ್ಲಿ ನಿಂತರು. ಕಟಕಟೆಯಲ್ಲಿ ಹೆಂಡತಿಯನ್ನು ಹೊರಗೆ ಹಾಕಿದ ಒಬ್ಬ ಗಂಡ. ಅವನ ದನಿ ಇಲಿಯ ದನಿ, ಮುಂದಿನವರಿಗೂ ಕೇಳುತ್ತಿರಲಿಲ್ಲ. ನಾನು ಮಾತ್ರ ಎದೆ ಎತ್ತಿ, ಸ್ವಚ್ಛವಾದ ಉರ್ದುವಿನಲ್ಲಿ, “ಹೌದು ಹೊಡೆದಿದ್ದೇನೆ. ನನ್ನ ಹೆಂಡತಿ, ನಾನು ಹೊಡೆಯುತ್ತೇನೆ. ಇನ್ನು ಮನೆಗೆ ಸೇರಿಸುವುದಿಲ್ಲ” ಅಂದೆ. ಸೋದರಮಾವ ಮುಂದಿನ ಬಸ್ಸಿಗೇ ಹೊರಟರು. ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು ನಮ್ಮವ್ವನಿಗೆ ಹೇಳಿ ಹೋದರಂತೆ:

“ಯವ್ವಾ, ನಿಮ್ಮ ಹುಡುಗಗ ಆಗ್ಲೇ ಒಬ್ಬಾಕಿ ಅದಾಳ. ಅದೂ ಸಾಹೇಬ್ರ ಮುಂದ ಬಡಿತೀನಿ ಅಂತ ಗುಡುಗಾಕತ್ತಾನ!”

ನಮ್ಮವ್ವ ಮುಂದಿನ ಸಂತೆಗೆ ಲಿಂಗಸುಗೂರಿಗೆ ಬಂದು ನನ್ನ ಕೋಣೆಯ ಮೂಲೆ ಮೂಲೆ ನೋಡಿದಳು. ಸಾಹೇಬರಿಗೆ ಈ ಕಥೆ ಹೇಳಿದಾಗ ಅವರು ನಕ್ಕದ್ದನ್ನು ಮೊದಲ ಸಲ ಕಂಡೆ. ಎರಡನೆಯ ಸಲ ನಕ್ಕದ್ದು ‘ಲೊಚ್’ ಪ್ರಕರಣದಲ್ಲಿ. ನಮ್ಮ ಕಡೆ ‘ಇಲ್ಲ’ ಅನ್ನುವುದಕ್ಕೆ ಬಾಯಿ ತೆರೆಯುವುದೇ ಬೇಡ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಲೊಚ್ ಅಂದರೆ ಮುಗಿಯಿತು. ಹಿಂದಿನ ಮುನ್ಸಿಫರು ಇಂಥದಕ್ಕೆಲ್ಲ ‘ಸಾಕ್ಷಿ ಉತ್ತರ ಕೊಡಲಿಲ್ಲ’ ಅಂತ ಬರೆಸುತ್ತಿದ್ದರು. ಒಬ್ಬ ಕುರುಬ ಹಿರಿಯ ಪ್ರತಿ ಪ್ರಶ್ನೆಗೂ ಲೊಚ್ ಅಂದ. ಅವನು ಅಂದದ್ದನ್ನೇ ಅನ್ನಬೇಕೆಂದು ಸಾಹೇಬರ ಅಪ್ಪಣೆ ಇತ್ತಲ್ಲ, ನಾನೂ ಸಾಹೇಬರತ್ತ ತಿರುಗಿ ಲೊಚ್ ಅಂದೆ. ಗುಂಡೇರಾಯರ ಮುಖ ಬಿಳಿಚಿತು. ಸಾಹೇಬರು ಕರವಸ್ತ್ರ ಬಾಯಿಗೆ ಒತ್ತಿಕೊಂಡು, “ಇದು ಯಾವ ಭಾಷೆ?” ಅಂದರು. “ಇಲ್ಲ ಅನ್ನುವ ಭಾಷೆ ಹುಜೂರ್” ಅಂದೆ. ಅಂದಿನಿಂದ ಆ ಕೋರ್ಟಿನಲ್ಲಿ ಲೊಚ್ ಅಂದರೆ ‘ಇಲ್ಲ’ ಅಂತಲೇ ಬರೆದರು.

ನಗು ಇಷ್ಟೇ. ಉಳಿದದ್ದು ಬಹಳ ಒಂಟಿಯಾದ ಕೆಲಸ. ಹೊಸಬರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಣ್ಣ ಊರು; ಇಂದು ಚಹಾ ಕುಡಿಸಿದವನು ನಾಳೆ ವಾದಿಯಾಗಿ ಬರುತ್ತಾನೆ. ಹಾಗಾಗಿ ಯಾರ ಮನೆಯಲ್ಲೂ ಕೂರುವಂತಿಲ್ಲ, ಹಬ್ಬಕ್ಕೆ ಕರೆದರೆ ಹೋಗುವಂತಿಲ್ಲ. ಸಾಹೇಬರ ಕಟ್ಟುನಿಟ್ಟು ನನಗೂ ಅಂಟಿತು. ಸಂಜೆ ಅವರು ಕೆರೆ ಏರಿಯ ಕಡೆ ನಡೆಯಲು ಹೋಗುತ್ತಿದ್ದರು, ನಾನೂ ಅದೇ ದಾರಿಗೆ ಹೋಗುತ್ತಿದ್ದೆ. ಒಮ್ಮೊಮ್ಮೆ ಜೊತೆಗೆ ನಡೆಯುತ್ತಿದ್ದೆವು. ಹಗಲೆಲ್ಲ ಅವರ ಮಾತನ್ನು ನನ್ನ ಬಾಯಲ್ಲಿ ಆಡಿದವನು, ಸಂಜೆ ಅವರೊಡನೆ ಆಡಲು ಮಾತಿಲ್ಲದೆ ನಡೆಯುತ್ತಿದ್ದೆ. ಅವರೂ ಹಾಗೆಯೇ. ತಿರುಗಿ ಬರುವಾಗ “ಗಾಳಿ ಚೆನ್ನಾಗಿದೆ” ಅನ್ನುತ್ತಿದ್ದರು. ನಾನು “ಹೌದು ಹುಜೂರ್” ಅನ್ನುತ್ತಿದ್ದೆ.

ಇನ್ನು ದೀಪದ ವಿಷಯ. ನಾನು ಕಂಡ ಮೊಕದ್ದಮೆಗಳಲ್ಲಿ ಇದರಷ್ಟು ದೂರ ಹೋದದ್ದು ಬೇರೆ ಇಲ್ಲ.

ಆಗಿನ ಕಾನೂನಿನಲ್ಲಿ ಒಂದು ದಾರಿ ಇತ್ತು. ‘ಎದುರಿನವನು ತನ್ನ ದೇವರ ಮುಂದೆ ಇಂಥ ರೀತಿಯಲ್ಲಿ ಪ್ರಮಾಣ ಮಾಡಿದರೆ ನಾನು ದಾವೆ ಬಿಡುತ್ತೇನೆ’ ಅಂತ ಒಬ್ಬ ಪಕ್ಷಗಾರ ಹೇಳಬಹುದು. ಒಪ್ಪಿ ಪ್ರಮಾಣ ಮಾಡಿದರೆ ಅದೇ ಕಡೆಯ ಸಾಕ್ಷ್ಯ. ಒಪ್ಪದಿದ್ದರೆ ಬಲವಂತ ಇಲ್ಲ. ಆದರೆ ಒಲ್ಲೆ ಅಂದದ್ದನ್ನು, ಯಾಕೆ ಒಲ್ಲೆ ಅಂದರೆಂಬ ಕಾರಣವನ್ನೂ ಬರೆದುಕೊಳ್ಳಬೇಕು. ಕಾನೂನು ಮಾಡಿದವರು ನೆಟ್ಟಗೇ ಮಾಡಿದ್ದರು. ನಮ್ಮ ಕಡೆಯ ಮುನ್ಸಿಫರು ಮೊದಲರ್ಧ ಬರೆದು ಎರಡನೆಯರ್ಧ ಬಿಡುತ್ತಿದ್ದರು. ‘ಪ್ರಮಾಣಕ್ಕೆ ಒಪ್ಪಲಿಲ್ಲ.’ ಅಷ್ಟೇ. ಒಪ್ಪದವನು ಸುಳ್ಳ ಅಂತ ಓದುವವರು ಅರ್ಥ ಮಾಡಿಕೊಳ್ಳುತ್ತಿದ್ದರು.

ನಮ್ಮ ಹಳ್ಳಿಗಳಲ್ಲಿ ಪ್ರಮಾಣಗಳು ಹಲವು. ವಿಭೂತಿ ಹಿಡಿಯುವುದು, ಮಗನ ತಲೆ ಮುಟ್ಟುವುದು. ಎಲ್ಲಕ್ಕಿಂತ ಭಾರಿ ಪ್ರಮಾಣ ಅಂದರೆ ಗುಡಿಯ ದೀಪ ಆರಿಸುವುದು. ‘ನಾನು ಹೇಳಿದ್ದು ಖರೆ’ ಅಂತ ಹೇಳಿ, ಉರಿಯುವ ಬತ್ತಿಯನ್ನು ಬೆರಳಿನಿಂದ ಹೊಸಕಬೇಕು. ಸಿಂಧನೂರು ಕಡೆಯ ವಕೀಲರು ಒಂದು ಸೂಕ್ಷ್ಮ ಕಂಡುಕೊಂಡಿದ್ದರು: ದೀಪ ಅಂದ ಕೂಡಲೇ ಬಡವರು, ಅದರಲ್ಲೂ ಖರೆ ಇದ್ದವರು, ಹಿಂದೆ ಸರಿಯುತ್ತಾರೆ. ಗೊರೇಬಾಳದ ಒಬ್ಬ ಮುದುಕ ಹೀಗೇ ತನ್ನ ಮನೆಯ ಹಿತ್ತಲು ಕಳೆದುಕೊಂಡ. ಅದು ಹಬೀಬ್ ಸಾಹೇಬರಿಗಿಂತ ಮೊದಲು. ಕಟಕಟೆ ಇಳಿಯುವಾಗ, “ಹಿತ್ತಲಕ್ಕಾಗಿ ದೇವ್ರ ಮುಂದ ಕತ್ಲಿ ಮಾಡ್ಲೇನಪ್ಪಾ?” ಅಂತ ನನ್ನನ್ನು ಕೇಳಿದ. ಅದು ನನಗೆ ಕೇಳಿದ ಪ್ರಶ್ನೆ, ಕೋರ್ಟಿಗಲ್ಲ. ತರ್ಜುಮೆ ಮಾಡುವಂತಿರಲಿಲ್ಲ.

ಅದೇ ವರ್ಷಗಳಲ್ಲಿ ತುಂಗಭದ್ರೆಯ ಕಾಲುವೆಯ ಮಾತು ನೆಲಕ್ಕೆ ಇಳಿಯಿತು. ಸಿಂಧನೂರಿನ ಎರೆಹೊಲಗಳ ನಡುವೆ ಕೋಲು ಹಿಡಿದವರು ಅಳೆಯುತ್ತ ನಡೆದರು. ಜೋಳ ಬೆಳೆಯುತ್ತಿದ್ದ ನೆಲಕ್ಕೆ ನೀರು ಬರುತ್ತದಂತೆ, ಭತ್ತ ಬೆಳೆಯಬಹುದಂತೆ. ಅಲ್ಲಿಯವರೆಗೆ ಯಾರದೋ ಆಗಿದ್ದರೂ ನಡೆಯುತ್ತಿದ್ದ ಹೊಲ ಯಾರದು ಅನ್ನುವ ಪ್ರಶ್ನೆ ಹುಟ್ಟಿತು.

ವಳಕಮದಿನ್ನಿಯ ಶರಣಮ್ಮನದು ಇಂಥ ಹೊಲ. ಗಂಡ ಇಲ್ಲ, ಒಬ್ಬನೇ ಮಗ, ಕಾಲುವೆ ತೋಡುವ ಕೂಲಿಗೆ ಹೋಗುತ್ತಿದ್ದ. ಅವಳ ಮಾವನೂ ಆ ಊರಿನ ಅಮರೇಗೌಡನ ಅಪ್ಪನೂ ಗೆಳೆಯರು. ಬಹಳ ಹಿಂದೆ, ಸುಗ್ಗಿಯ ಕಣದಲ್ಲಿ ಕೂತು, ಇಬ್ಬರೂ ಹೊಲ ಅದಲುಬದಲು ಮಾಡಿಕೊಂಡಿದ್ದರು. ಗೌಡರ ತಗ್ಗಿನ ಹೊಲ ಇವರಿಗೆ, ಇವರ ಹುಣಸೆಮರದ ದಿಬ್ಬದ ಹೊಲ ಗೌಡರಿಗೆ. ಕಾಗದ ಇಲ್ಲ, ಕಣದಲ್ಲಿ ಎದ್ದು ನಿಂತು ಆಡಿದ ಮಾತು ಅಷ್ಟೇ. ಆಗಿನವರಿಗೆ ಅದು ಸಾಕಿತ್ತು. ಈಗ ಇಬ್ಬರು ಹಿರಿಯರೂ ಇಲ್ಲ. ಕಾಲುವೆಯ ನೀರು ತಗ್ಗಿನ ಹೊಲಕ್ಕೆ ಹತ್ತುತ್ತದೆ, ದಿಬ್ಬಕ್ಕೆ ಹತ್ತುವುದಿಲ್ಲ. ‘ತಗ್ಗಿನ ಹೊಲ ನಮ್ಮದೇ, ದಯೆಯಿಂದ ಉಣ್ಣಲು ಬಿಟ್ಟಿದ್ದೆವು, ಬಿಡಿಸಿ ಕೊಡಿ’ ಅಂತ ಅಮರೇಗೌಡ ದಾವೆ ಹಾಕಿದ.

ಅವನ ವಕೀಲರು ರಾಘವೇಂದ್ರರಾಯರು. ನಗುನಗುತ್ತ ಮಾತಾಡುವವರು, ತಲೆ ಚುರುಕು. ಶರಣಮ್ಮ ಕಟಕಟೆಗೆ ಬಂದ ದಿನ ಎದ್ದು ನಿಂತು ದೀಪದ ಮಾತು ಇಟ್ಟರು. ಸಾಹೇಬರು ಕೇಳಿದ್ದನ್ನು ನಾನು ಅವಳಿಗೆ ಹೇಳಿದೆ:

“ಶರಣಮ್ಮ, ನಿಮ್ಮೂರ ಬಸವಣ್ಣನ ಗುಡ್ಯಾಗ ದೀಪ ಆರಿಸಿ, ಹೊಲ ಅದಲುಬದಲಾಗಿದ್ದು ಖರೆ ಅಂತ ನೀ ಪ್ರಮಾಣ ಮಾಡಿದ್ರ ಅಮರೇಗೌಡ ದಾವಾ ಬಿಡ್ತಾನಂತ. ಮಾಡ್ತೀಯೇನು?”

ಅವಳು ನನ್ನನ್ನು ನೋಡಲಿಲ್ಲ. ಒಮ್ಮೆಯೂ ನೋಡಲಿಲ್ಲ. ನನ್ನ ಹೆಗಲ ಮೇಲಿಂದ ಸಾಹೇಬರನ್ನೇ ನೋಡುತ್ತ, “ಒಲ್ಲೆರೀ ಯಪ್ಪಾ” ಅಂದಳು.

“ಬರ್ಕೋಬೇಕ್ರೀ, ಒಲ್ಲೆ ಅಂದ್ಲು!” ಅಂತ ರಾಯರು ಕನ್ನಡದಲ್ಲೇ ಕೂಗಿ ಕೂತರು.

ಸಾಹೇಬರು ಬರೆಯಲಿಲ್ಲ. “ಯಾಕೆ?” ಅಂದರು.

“ಯಾಕ ಒಲ್ಲಿ, ಶರಣಮ್ಮ?”

“ನಾ ಖರೇನ ಹೇಳ್ತೀನ್ರೀ. ವಿಭೂತಿ ಹಿಡಿ ಅನ್ರಿ, ಹಿಡಿತೀನಿ. ಕೆಂಡ ಹಿಡಿ ಅನ್ರಿ, ಹಿಡಿತೀನಿ. ಆದ್ರ ದೀಪ ಒಲ್ಲೆ. ಖರೇ ಹೇಳಿ ಆರಿಸಿದ್ರೂ ಕತ್ಲಿ ಕತ್ಲೀನ ಅಲ್ಲೇನ್ರೀ? ಗುಡಿ ದೀಪ ಆರಿಸ್ದಾಕಿ ಅಂತ ಊರಾಗ ನನ್ನ ಹೆಸರು ಉಳೀತೈತಿ. ಆಮ್ಯಾಲ ನನ್ನ ಮಗಗ ಯಾರು ಹೆಣ್ಣು ಕೊಡ್ತಾರ್ರೀ?”

ನಾನು ತಿರುಗಿ, ಅವಳ ಅಳಲೆಲ್ಲ ಉರ್ದುವಿಗೆ ತಂದು, “ನನ್ನ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ?” ಅಂತ ಕೈಯೊಡ್ಡಿ ಮುಗಿಸಿದೆ.

“ಹುಜೂರ್, ಈ ತರ್ಜುಮಾನರಿಗೇ ಯಾರೂ ಹೆಣ್ಣು ಕೊಡವಲ್ರು, ಮಗ ಎಲ್ಲಿಂದ ಬಂದ?” ಅಂದರು ರಾಯರು. ಕೋರ್ಟೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಒಂದು ಮಾತೂ ಬಿಡದೆ ಅವಳ ಕಾರಣವನ್ನು ಬರೆದರು. ನಾನು ಆ ಕಟ್ಟಡದಲ್ಲಿ ಇದ್ದಷ್ಟು ದಿನಗಳಲ್ಲಿ, ‘ಒಲ್ಲೆ’ಯ ಮುಂದೆ ‘ಯಾಕೆಂದರೆ’ ಬರೆದದ್ದು ಅದೇ ಮೊದಲು.

ಆಮೇಲೆ ಅವರು ಅಮರೇಗೌಡನ ಕಡೆ ತಿರುಗಿದರು. ‘ಅದಲುಬದಲು ಆಗಿಲ್ಲ, ದಯೆಯಿಂದ ಬಿಟ್ಟದ್ದು ಅಂತ ಹೇಳಿ ನೀನು ದೀಪ ಆರಿಸುತ್ತೀಯಾ?’ ರಾಯರು ಎದ್ದರು, ಆದರೆ ಅಷ್ಟರಲ್ಲಿ ಅಮರೇಗೌಡ, ಊರಿನವರೆಲ್ಲ ನೋಡುತ್ತಿದ್ದಾರೆಂದೋ ಏನೋ, “ಯಾಕಾಗವಲ್ದು, ಮಾಡ್ತೀನ್ರೀ” ಅಂದುಬಿಟ್ಟ. ‘ಅವನು ಮಾಡಿದರೆ ನೀನು ಒಪ್ಪುತ್ತೀಯಾ?’ ಅಂತ ಶರಣಮ್ಮನನ್ನು ಕೇಳಿದರು. ಅವಳು ಅಮರೇಗೌಡನ ಕಡೆ ನೋಡಿ, “ಮಾಡ್ಲಿ ಬಿಡ್ರೀ. ದೇವ್ರ ಮುಂದ ಸುಳ್ಳು ಹೇಳೋ ಹುಡುಗ ಅಲ್ಲ ಅಂವ” ಅಂದಳು. ಅವಳ ವಕೀಲ, ಹೊಸಬ, ಅವಳ ಸೆರಗು ಎಳೆಯುವುದೊಂದು ಬಾಕಿ. ಹೊಲ ಹೋಯಿತು ಅಂತಲೇ ನಾವೆಲ್ಲ ಅಂದುಕೊಂಡೆವು.

ಪ್ರಮಾಣಕ್ಕೆ ಸಾಮಾನ್ಯವಾಗಿ ಕೋರ್ಟಿನ ಪರವಾಗಿ ಒಬ್ಬ ಕಮಿಷನರನ್ನು ಕಳಿಸುವುದು ರೂಢಿ. ಸಾಹೇಬರು, ಹೊಲಗಳನ್ನೂ ನೋಡಬೇಕು, ನಾನೇ ಬರುತ್ತೇನೆ ಅಂದರು. ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದೆವು. ಮಸ್ಕಿಯಲ್ಲಿ ನಮ್ಮವ್ವ ಬುತ್ತಿ ಹಿಡಿದು ನಿಂತಿದ್ದಳು. ಕಿಟಕಿಯಿಂದ ಗಂಟು ಕೊಡುತ್ತ ಏನೋ ಅಂದಳು, ಬಸ್ಸು ಹೊರಟಿತು.

“ನಿಮ್ಮ ತಾಯಿ ಏನು ಹೇಳಿದರು?” ಅಂದರು ಸಾಹೇಬರು.

ರೂಢಿ ಬಿಡಬೇಕಲ್ಲ. “ಬಹಳ ಸೊರಗಿದ್ದೀ ಮಗನೇ, ಒಬ್ಬನೇ ಇದ್ದೀ ಅಂತ ಊಟ ಬಿಡಬೇಡ” ಅಂತ ಅವರನ್ನೇ ನೋಡುತ್ತ ಹೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಮಸ್ಕಿಯ ಗುಡ್ಡ ಹಿಂದೆ ಸರಿದು ಮರೆಯಾದ ಮೇಲೆ, “ಎರಡು ರೊಟ್ಟಿ ಕೊಡು” ಅಂದರು. ನಾನು ಅವರೊಡನೆ ಉಂಡದ್ದು ಅದೊಂದೇ ಊಟ.

ವಳಕಮದಿನ್ನಿಯ ಅಗಸೆಬಾಗಿಲು ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಶರಣಮ್ಮನ ಮನೆ ಗುಡಿಯ ಪಕ್ಕದಲ್ಲೇ. ಅವಳು ಚೊಂಬು ತುಂಬ ಮಜ್ಜಿಗೆ ತಂದು ಸಾಹೇಬರ ಮುಂದೆ ಹಿಡಿದಳು. “ದಣಿದು ಬಂದೀರಿ, ಕುಡೀರಿ ಯಪ್ಪಾ.”

ಅವರ ತುಟಿ ಒಣಗಿದ್ದು ನನಗೆ ಕಾಣುತ್ತಿತ್ತು. ಅವರು ಹೇಳಿದರು, ನಾನು ಹೇಳಿದೆ: “ಈಗ ಬ್ಯಾಡಮ್ಮಾ. ಮೊಕದ್ದಮೆ ಮುಗಿದ ಮ್ಯಾಲ ಬಂದು ಕುಡಿತೀನಿ.”

“ಖರೇ ಬರ್ತೀರೇನು?”

“ಖರೇ ಬರ್ತೀನಿ.”

ಮೊದಲು ಹೊಲ ನೋಡಿದೆವು. ತಗ್ಗಿನ ಹೊಲದಲ್ಲಿ ಶರಣಮ್ಮನ ಜೋಳದ ಕೂಳೆ ಇತ್ತು. ದಿಬ್ಬದ ಮೇಲೆ ಹುಣಸೆಮರದ ನೆರಳಿಗೆ ಬಂದು ನಿಂತಾಗ ಸಾಹೇಬರು ಸಾವಕಾಶವಾಗಿ ಕೇಳಿದರು, ನಾನು ಅಮರೇಗೌಡನಿಗೆ ಹೇಳಿದೆ: “ಇದನ್ನ ಯಾರು ಬಿತ್ತತಾರ?”

“ನಾನ ಬಿತ್ತತೀನ್ರೀ. ನಮ್ಮಪ್ಪನ ಕಾಲದಿಂದ.”

“ಈ ಹೊಲ ಮೊದಲ ಯಾರದಿತ್ತು?”

ಅಮರೇಗೌಡ ರಾಯರ ಮುಖ ನೋಡಿದ. ಸುತ್ತ ಊರಿನವರು ನಿಂತಿದ್ದರು, ಸುಳ್ಳು ಹೇಳುವಂತಿರಲಿಲ್ಲ. “ಶರಣಮ್ಮನ ಮಾವಂದ್ರೀ” ಅಂದ.

“ಅಂದ್ರ ನೀವು ಆಕಿಗೆ ದಯಾ ಮಾಡಿದ್ರಿ. ನಿಮಗ ಯಾರು ದಯಾ ಮಾಡಿದ್ರು?”

ಹಿಂದೆ ಯಾರೋ ಕಿಸಕ್ಕೆಂದರು. ಅಮರೇಗೌಡನ ಕಿವಿ ಕೆಂಪಾಯಿತು. ಸಾಹೇಬರು ಮತ್ತೇನೂ ಕೇಳದೆ ಗುಡಿಯ ಕಡೆ ನಡೆದರು.

ಪೂಜಾರಿ ದೀಪ ಹಚ್ಚಿದ. ಅಮರೇಗೌಡ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಂದು ನಿಂತ. ಸಾಹೇಬರು ಹೊಸ್ತಿಲ ಹೊರಗೆ, ಅವರ ಪಕ್ಕದಲ್ಲಿ ನಾನು. ಅವನು ಬಗ್ಗಿದ. ಕೈ ಬತ್ತಿಯ ಹತ್ತಿರ ಹೋಯಿತು.

“ಲೇ ಅಮರ್ಯಾ, ತಡಿಯಲೇ!”

ಶರಣಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಿದ್ದಳು.

“ದೀಪಕ್ಕ ಕೈ ಹಚ್ಚಬ್ಯಾಡ. ನಿನ್ನ ಹೇಣ್ತಿಗೆ ದಿನಾ ತುಂಬ್ಯಾವ, ಇವತ್ತೋ ನಾಳಿಗೋ ಅನ್ನಾಕತ್ಯಾಳ. ಇಂಥಾ ಹೊತ್ತಿನ್ಯಾಗ ಆರಿಸ್ತಿಯೇನು?”

“ಚಿಗವ್ವಾ, ನೀ ಸುಮ್ನಿರು.” ಅವನು ತಿರುಗಿ ನೋಡದೆಯೇ ಅಂದ.

“ಹ್ಯಾಂಗ ಸುಮ್ನಿರ್ಲಿ? ಈ ಕೈಲೆ ನಿನ್ನ ಎತ್ತಿ ಆಡ್ಸೀನಿ. ಹೊಲ ಒಯ್ಯಿ. ಒಯ್ದು ಸಾಯಿ. ದೀಪ ಬಿಡು.”

ನಾನು ಒಂದೊಂದು ಮಾತನ್ನೂ ಸಾಹೇಬರಿಗೆ ಹೇಳುತ್ತಿದ್ದೆ. ಅಮರೇಗೌಡನ ಕೈ ಅಲ್ಲೇ ನಿಂತಿತ್ತು. ಆಮೇಲೆ ಅವನು ಕೈ ಹಿಂದೆಗೆದು, ಯಾರನ್ನೂ ನೋಡದೆ, ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ದೀಪ ಉರಿಯುತ್ತಲೇ ಇತ್ತು.

ಮುಂದಿನ ಪೇಶಿಯಲ್ಲಿ, ಅಂದರೆ ವಿಚಾರಣೆಯ ದಿನ, ರಾಘವೇಂದ್ರರಾಯರು ಬಿಡಲಿಲ್ಲ. ಅವರ ವಾದ ಸರಳವಾಗಿತ್ತು: ‘ಹೊಲ ಒಯ್ಯಿ’ ಅಂತ ದೇವರ ಮುಂದೆ, ಕೋರ್ಟಿನ ಮುಂದೆ, ಅವಳೇ ಹೇಳಿದ್ದಾಳೆ. ಅದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನು ಬೇಕು? ಮೊದಲು ತಾನು ಪ್ರಮಾಣಕ್ಕೆ ಒಲ್ಲೆ ಅಂದಳು, ಆಮೇಲೆ ಮಾಡಲು ಬಂದವನನ್ನೂ ತಡೆದಳು. ಶರಣಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಉರ್ದು ಅವಳಿಗೆ ತಿಳಿಯದು. ವಕೀಲರ ವಾದವನ್ನು ಪಕ್ಷಗಾರರಿಗೆ ತರ್ಜುಮೆ ಮಾಡುವುದು ನಮ್ಮಲ್ಲಿ ಇರಲಿಲ್ಲ. ತನ್ನ ಹೊಲ ತನ್ನ ಮಾತಿನಿಂದಲೇ ಹೋಗುತ್ತಿದೆ ಅನ್ನುವುದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಗೊತ್ತಿರಲಿಲ್ಲ.

ಸಾಹೇಬರ ತೀರ್ಪನ್ನು ಹೊಸ ವಕೀಲರು ಓದಬೇಕು. ಈಗ ಎಲ್ಲಿದೆಯೋ. ನನ್ನ ನೆನಪಿನಲ್ಲಿ ಅದರ ತಿರುಳು ಹೀಗೆ. ಆ ಊರಿನವರ ನಂಬಿಕೆಯಂತೆ ಸುಳ್ಳು ಹೇಳಿ ದೀಪ ಆರಿಸಿದರೆ ಮಾತ್ರ ಕೇಡು ಅನ್ನುವುದಾದರೆ, ವಾದಿಯ ಮನೆಗೆ ಕೇಡಾದೀತೆಂದು ಈ ಹೆಂಗಸು ಹೆದರಿದ್ದು ಅವನು ಹೇಳಲಿದ್ದದ್ದು ಸುಳ್ಳೆಂದು ಅವಳಿಗೆ ಗೊತ್ತಿದ್ದರಿಂದ. ಖರೆ ಹೇಳಿ ಆರಿಸಿದರೂ ಕೇಡು ಅನ್ನುವುದಾದರೆ, ಮೊದಲು ಅವಳು ತಾನು ಒಲ್ಲೆ ಅಂದದ್ದರಿಂದ ಅವಳು ಸುಳ್ಳಿ ಅಂತ ಆಗುವುದಿಲ್ಲ. ವಾದಿಯ ವಕೀಲರು ಎರಡರಲ್ಲಿ ಯಾವುದನ್ನು ಹಿಡಿದರೂ ಇನ್ನೊಂದು ಕೈ ಬಿಡುತ್ತದೆ. ‘ಹೊಲ ಒಯ್ಯಿ’ ಅನ್ನುವುದು ಹಕ್ಕಿನ ಒಪ್ಪಿಗೆಯಲ್ಲ, ಒಂದು ಕೂಸಿನ ಸಲುವಾಗಿ ಆಡಿದ ಮಾತು. ಉಳಿದದ್ದು ಹುಣಸೆಮರದ ಹೊಲ. ತನಗೆ ಸಿಕ್ಕ ಹೊಲವನ್ನು ಇಟ್ಟುಕೊಂಡು, ಕೊಟ್ಟ ಹೊಲವನ್ನು ದಯೆ ಅನ್ನಲು ಬರುವುದಿಲ್ಲ. ದಾವೆ ವಜಾ.

“ಶರಣಮ್ಮ, ಹೊಲ ನಿಂದ” ಅಂದೆ. ಅವಳು ಸಾಹೇಬರಿಗೆ ಕೈ ಮುಗಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಅಮರೇಗೌಡ ಆಗಲೇ ಹೊರಟುಹೋಗಿದ್ದ.

ರಾಯಚೂರಿಗೆ ಅಪೀಲು ಹೋಯಿತು, ಅಲ್ಲಿ ಬಹಳ ಕಾಲ ಕೂತಿತು. ಆದರೆ ತೀರ್ಪಿನ ಪರಿಣಾಮ ಕಾಯಲಿಲ್ಲ. ನಮ್ಮ ಕೋರ್ಟಿನಲ್ಲಿ ದೀಪದ ಮಾತು ಎತ್ತುವುದನ್ನು ವಕೀಲರು ನಿಲ್ಲಿಸಿದರು. ಎತ್ತಿದರೆ ಸಾಹೇಬರು ‘ಯಾಕೆ’ ಕೇಳುತ್ತಾರೆ ಅಂತ ಗೊತ್ತಾಗಿತ್ತು. ರಾಘವೇಂದ್ರರಾಯರೇ ಒಮ್ಮೆ ಚಹಾದಂಗಡಿಯ ಮುಂದೆ ನಿಲ್ಲಿಸಿ, “ಏನ್ರೀ ತರ್ಜುಮಾನ್ರ, ನಿಮ್ಮ ಸಾಹೇಬ್ರು ನನ್ನ ದೀಪ ಆರಿಸಿಬಿಟ್ರಲ್ರೀ!” ಅಂದರು. ಸಿಟ್ಟಿರಲಿಲ್ಲ. ಒಳ್ಳೆಯ ಏಟು ತಿಂದದ್ದು ಅವರಿಗೆ ಗೊತ್ತಿತ್ತು.

ಇನ್ನೊಂದು ಪರಿಣಾಮವನ್ನು ಯಾರೂ ಬಯಸಿರಲಿಲ್ಲ. ಬಾಯಿಮ್ಯಾಗಿನ ಮಾತು ಕೋರ್ಟಿನ ತನಕ ಹೋಗಿ ಬಂತು ಅಂತ ಸುದ್ದಿಯಾದ ಮೇಲೆ, ಸುತ್ತಿನ ಹಳ್ಳಿಗಳಲ್ಲಿ ಕಣದ ಮಾತಿಗೆ ಬೆಲೆ ಕಡಿಮೆಯಾಯಿತು. ಅಣ್ಣತಮ್ಮಂದಿರೂ ಛಾಪಾ ಕಾಗದ ಕೇಳತೊಡಗಿದರು. ತೀರ್ಪು ಒಂದು ಮನೆಗೆ ಬರೆದದ್ದು, ಆದರೆ ಓದಿಕೊಂಡವು ಊರೂರುಗಳು. ಶರಣಮ್ಮನ ಮಾತನ್ನು ಉಳಿಸಿದ ತೀರ್ಪೇ ಮಾತಿನ ಕಾಲವನ್ನು ಮುಗಿಸಿತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಸಾಹೇಬರ ತಪ್ಪಲ್ಲ. ನಮ್ಮ ಕೆಲಸವೇ ಹಾಗೆ.

ರಾಜ್ಯಗಳನ್ನು ಭಾಷೆಯ ಮೇಲೆ ಕತ್ತರಿಸಿದ ವರ್ಷ ಅಪೀಲೂ ಮುಗಿಯಿತು, ಶರಣಮ್ಮನ ಹೊಲ ಗಟ್ಟಿಯಾಯಿತು. ಆದರೆ ಅಷ್ಟರಲ್ಲಿ ನಮ್ಮ ಜಿಲ್ಲೆ ಮೈಸೂರಿನ ಕಡೆಗೆ ಬಂದಿತ್ತು, ಸಾಹೇಬರ ಜಿಲ್ಲೆ ಮುಂಬೈ ಕಡೆಗೆ ಹೋಗಿತ್ತು. ಅವರೂ ಹೋಗಬೇಕಾಯಿತು. ಬಸ್ಸಿನ ಹತ್ತಿರ ಅವರ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಗುಂಡೇರಾಯರು ಹಾರ ಹಾಕಿ, ಮಾತಾಡಿ, ಹಿಂದೆ ಸರಿದರು. ನಾನು ಅವರ ಮುಂದೆ ನಿಂತೆ. ಅವರು ಏನಾದರೂ ಹೇಳುತ್ತಾರೆ ಅಂತ ನಾನು ಕಾಯುತ್ತಿದ್ದೆ. ನಾನು ಏನಾದರೂ ಹೇಳುತ್ತೇನೆ ಅಂತ ಅವರೂ ಕಾಯುತ್ತಿದ್ದರು. ಯಾರ ಮಾತನ್ನು ಯಾರಿಗೆ ಹೇಳಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಕಡೆಗೆ ಅವರು, “ಗಾಳಿ ಚೆನ್ನಾಗಿದೆ” ಅಂದರು. “ಹೌದು ಹುಜೂರ್” ಅಂದೆ.

ಆ ಸುಗ್ಗಿಯಲ್ಲಿ ಮಸ್ಕಿಗೆ ಹೋದವನು, ಯಾಕೋ ಇಳಿಯದೆ ಸಿಂಧನೂರಿನವರೆಗೆ ಹೋದೆ, ಅಲ್ಲಿಂದ ವಳಕಮದಿನ್ನಿಗೆ. ತಗ್ಗಿನ ಹೊಲದಲ್ಲಿ ನೀರು ನಿಂತು ಭತ್ತ ಬಾಗಿತ್ತು. ಶರಣಮ್ಮ ಅಂಗಳದಲ್ಲಿ ಕೂತಿದ್ದಳು, ಪಕ್ಕದಲ್ಲಿ ಒಂದು ಹೆಣ್ಣುಕೂಸು ಮಣ್ಣಲ್ಲಿ ಆಡುತ್ತಿತ್ತು.

“ಯಾರಪ್ಪಾ ನೀ?”

ಅವಳಿಗೆ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವಳು ಎಂದೂ ನನ್ನ ಮುಖ ನೋಡಿರಲಿಲ್ಲ.

“ಲಿಂಗಸುಗೂರ ಕೋರ್ಟಿನ ಕಡೆಯಾವ್ರೀ.”

“ಹೌದೇನು! ಆ ನಮ್ಮ ಸಾಹೇಬ್ರು ಅದಾರೇನಪ್ಪಾ?” ಅವಳ ಮುಖ ಅರಳಿತು. “ಎಂಥಾ ಚಲೋ ಮಾತಾಡ್ತಿದ್ರು! ತುರಕರ ಪೈಕಿ ಅಂತಾರ, ಆದ್ರ ನಮ್ಮ ಮಾತು ಥೇಟ್ ನಮ್ಮವ್ವ ಆಡಿದಂಗ ಆಡ್ತಿದ್ರು. ‘ಹೊಲ ನಿಂದ ಶರಣಮ್ಮ’ ಅಂದ್ರಲ್ಲ, ಇನ್ನೂ ಕಿವ್ಯಾಗ ಐತಿ.”

ನನ್ನ ಅಜ್ಜಿಯ ಒಲೆಯ ಮುಂದಿನ ಮಾತು ಅವರ ಹೆಸರಿನಲ್ಲಿ ಅಲ್ಲಿ ಬೆಚ್ಚಗೆ ಉಳಿದಿತ್ತು. ನಮ್ಮಿಬ್ಬರ ನಡುವೆ ಮೂರನೆಯವರು ಬೇಡ ಅಂದಿದ್ದರಲ್ಲ, ಆ ಕೆಲಸ ಪೂರ್ತಿ ಆಗಿತ್ತು.

“ಈ ಕೂಸು ಯಾರ್ದಮ್ಮಾ?”

“ಅಮರ್ಯಾಂದು. ದಿನಾ ನನ್ನ ಅಂಗಳದಾಗ ಆಡ್ತೈತಿ. ಆಡಾಕ ಬಿಡ್ತಾನ. ಅಂವ ಮಾತ್ರ ಬರಂಗಿಲ್ಲ. ಎದುರಿಗೆ ಬಂದ್ರ ದಾರಿ ಬದ್ಲಿ ಮಾಡ್ತಾನ.” ಕೂಸಿನ ಕೈಗೆ ಹತ್ತಿದ ಮಣ್ಣು ಒರೆಸಿದಳು. “ಸಾಹೇಬ್ರು ಮೊಕದ್ದಮಿ ಮುಗಿದ ಮ್ಯಾಲ ಮಜ್ಜಿಗಿ ಕುಡ್ಯಾಕ ಬರ್ತೀನಿ ಅಂದಿದ್ರು. ಖರೇ ಬರ್ತೀರೇನು ಅಂದ್ರ ಖರೇ ಅಂದಿದ್ರು. ಬರ್ಲಿಲ್ಲ. ನಿನ್ನ ಕೈಲೆ ಏನಾರ ಹೇಳಿ ಕಳಿಸ್ಯಾರೇನು?”

ನಾನು ಎದ್ದು ನಿಂತೆ. ಮಾತಾಡುವಾಗ ನಿಲ್ಲುವುದೇ ನನಗೆ ರೂಢಿ.

“ಅಮ್ಮಾ,” ಅಂದೆ, “ಮೊಕದ್ದಮೆ ಮುಗೀತು. ಕುಡ್ಯಾಕ ಬಂದೀನಿ.”

ಅವಳು ಆಗ, ಮೊದಲ ಸಲ, ತಲೆ ಎತ್ತಿ ನನ್ನ ಮುಖ ನೋಡಿದಳು. ಒಳಗೆ ಹೋಗಿ ಚೊಂಬು ತುಂಬ ಮಜ್ಜಿಗೆ ತಂದಳು. ಸಾಹೇಬರ ಪಾಲು ಮೊದಲು ಕುಡಿದೆ. ಆಮೇಲೆ ಚೊಂಬು ಮುಂದೆ ಒಡ್ಡಿ, “ನನಗೂ ಸ್ವಲ್ಪ ಹಾಕಮ್ಮಾ” ಅಂದೆ.